ಕೊಳೆಗೆ ಹೊಡೆದ ಮದ್ದು ಎಲೆಚುಕ್ಕಿಗೆ ಯಾಕೆ ಸಾಲೋದಿಲ್ಲ?

ಮಳೆಗಾಲ ಜೋರಾಯಿತೆಂದರೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯಿಂದ ಒಂದೇ ಥರದ ಸುದ್ದಿ ಬರುತ್ತದೆ. ಅಡಿಕೆಗೆ ಎಲೆಚುಕ್ಕಿ ಬಿದ್ದಿದೆ, ಸೋಗೆಯೆಲ್ಲ, ಅಂದರೆ ಮರದ ಉದ್ದನೆಯ ಎಲೆಗಳೆಲ್ಲ, ಬೆಂಕಿ ತಾಗಿದ ಹಾಗೆ ಒಣಗುತ್ತಿದೆ. ಸುದ್ದಿಯ ಹಿಂದೆಯೇ ಸಲಹೆಗಳೂ ಬರುತ್ತವೆ. ರೋಗದ ಸೋಗೆ ಕಡಿದು ಸುಡಿ ಅನ್ನುತ್ತಾರೆ ಒಬ್ಬರು. ಕಡಿಯಬೇಡಿ, ಮರ ಸೊರಗುತ್ತದೆ ಅನ್ನುತ್ತಾರೆ ಇನ್ನೊಬ್ಬರು. ಬೋರ್ಡೋ (ಮೈಲುತುತ್ತ ಅಂದರೆ ತಾಮ್ರದ ಸಲ್ಫೇಟ್, ಅದಕ್ಕೆ ಸುಣ್ಣ ಸೇರಿಸಿ ಮಾಡುವ ದ್ರಾವಣ) ಸಾಕು ಅಂತ ಒಂದು ಮಾತು, ಬೋರ್ಡೋ ಏನೂ ಪ್ರಯೋಜನವಿಲ್ಲ ಅಂತ ಮತ್ತೊಂದು ಮಾತು. ಮದ್ದೇ ಬೇಡ, ಪೊಟ್ಯಾಷ್ ಗೊಬ್ಬರ ಹಾಕಿ ಸಾಕು ಅನ್ನುವವರೂ ಇದ್ದಾರೆ.

ಇಷ್ಟೆಲ್ಲ ಕೇಳಿದ ಮೇಲೆ ಬೆಳೆಗಾರ ಏನು ಮಾಡಬೇಕು? ಸಾಮಾನ್ಯವಾಗಿ ಅಂಗಡಿಯವರು ಕೊಟ್ಟದ್ದನ್ನು ತಂದು ಹೊಡೆಸುತ್ತಾರೆ. ಚುಕ್ಕಿ ಹೋಗುವುದಿಲ್ಲ. ಮದ್ದೇ ಸುಳ್ಳು ಅನ್ನಿಸುತ್ತದೆ.

ಈ ಗೊಂದಲದ ಬೇರು ಒಂದೇ ಕಡೆ ಇದೆ. ಮಲೆನಾಡು ನೂರಕ್ಕೂ ಹೆಚ್ಚು ವರ್ಷದಿಂದ ಕೊಳೆರೋಗದ ಜೊತೆ, ಅಂದರೆ ಮಳೆಗಾಲದಲ್ಲಿ ಅಡಿಕೆ ಕೊಳೆತು ಉದುರುವ ರೋಗದ ಜೊತೆ, ಬದುಕಿದೆ. ಯಾವಾಗ ಹೊಡೆಯಬೇಕು, ಎಲ್ಲಿಗೆ ಹೊಡೆಯಬೇಕು, ಏನು ಹೊಡೆಯಬೇಕು ಅನ್ನುವ ನಮ್ಮ ರೂಢಿ ಎಲ್ಲವೂ ಕೊಳೆಗಾಗಿ ಹುಟ್ಟಿಕೊಂಡದ್ದು. ಎಲೆಚುಕ್ಕಿಯನ್ನೂ ಅದೇ ಕಣ್ಣಿಂದ ನೋಡುತ್ತಿದ್ದೇವೆ. ಆದರೆ ಇದು ಬೇರೆಯೇ ಜೀವಿ, ಬೇರೆಯೇ ರೋಗ.

ಸಸಿಮಡಿಯಿಂದ ಮರದ ತಲೆಗೆ

ಅಡಿಕೆ ಸಸಿಮಡಿಯಲ್ಲಿ ಎಲೆಯ ಮೇಲೆ ಚುಕ್ಕಿ ಬೀಳುವುದು ಹೊಸದೇನಲ್ಲ. ಹಿಂದೆ ಅದನ್ನು ಯಾರೂ ದೊಡ್ಡ ರೋಗ ಅಂತ ಲೆಕ್ಕಕ್ಕೇ ಇಟ್ಟುಕೊಂಡಿರಲಿಲ್ಲ. ನೆರಳು ಸರಿಮಾಡಿದರೆ, ಒಂದು ಸಲ ಮದ್ದು ಹೊಡೆದರೆ ಮುಗಿಯಿತು. ಈಗ ಆಗಿರುವುದು ಏನೆಂದರೆ, ಫಸಲು ಕೊಡುವ ದೊಡ್ಡ ಮರಗಳ ಸೋಗೆಗೇ ರೋಗ ಏರಿದೆ. ಕಳೆದ ಕೆಲವು ವರ್ಷಗಳಲ್ಲಿ ಆಗುಂಬೆ ಸೆರಗಿನ ತೋಟಗಳು, ಹೊಸನಗರದ ನಗರ ಸೀಮೆ, ಶೃಂಗೇರಿ, ಕೊಪ್ಪ, ಕಳಸ, ಉತ್ತರ ಕನ್ನಡದ ಘಟ್ಟದ ತೋಟಗಳು ಹೀಗೆ ಒಂದಾದ ಮೇಲೊಂದು ಊರಿನ ಹೆಸರು ಸೇರುತ್ತಾ ಹೋಯಿತು. 2022ರಲ್ಲಿ ಕೇಂದ್ರ ಸರ್ಕಾರ ಇದರ ಅಧ್ಯಯನಕ್ಕೆ ತಜ್ಞರ ಸಮಿತಿಯನ್ನೇ ಮಾಡಬೇಕಾಯಿತು.

ರೋಗಕ್ಕೆ ಮುಖ್ಯ ಕಾರಣ ಕೊಲೆಟೊಟ್ರೈಕಮ್ ಅನ್ನುವ ಕುಲದ ಶಿಲೀಂಧ್ರ. ಮಾವಿನ ಹಣ್ಣಿನ ಮೇಲೆ ಕಪ್ಪು ಮಚ್ಚೆ ಬೀಳಿಸುವುದು, ಮೆಣಸಿನಕಾಯಿ ಹಣ್ಣಾಗುವಾಗ ಕೊಳೆಸುವುದು ಇದೇ ಕುಲದ ಶಿಲೀಂಧ್ರಗಳು. ನಮ್ಮಲ್ಲಿ ಚಿಬ್ಬು ರೋಗ ಅನ್ನುತ್ತಾರಲ್ಲ, ಅದೇ. ಅಡಿಕೆಯಲ್ಲಿ ಇದರ ಜೊತೆಗೆ ಫಿಲೋಸ್ಟಿಕ್ಟಾ, ಪೆಸ್ಟಲೋಷಿಯಾಪ್ಸಿಸ್ ಎಂಬ ಬೇರೆ ಶಿಲೀಂಧ್ರಗಳೂ ಸೇರಿಕೊಳ್ಳುತ್ತವೆ.

ಮೊದಲು ಕೆಳಗಿನ ಸೋಗೆಯಲ್ಲಿ ಸಾಸಿವೆ ಕಾಳಿನಷ್ಟು ಕಂದು ಚುಕ್ಕಿ. ಸುತ್ತ ಒಂದು ಹಳದಿ ಬಳೆ. ಸೋಗೆಯನ್ನು ಬೆಳಕಿಗೆ ಹಿಡಿದರೆ ಆ ಬಳೆ ಚೆನ್ನಾಗಿ ಕಾಣುತ್ತದೆ. ಆಮೇಲೆ ಚುಕ್ಕಿಗಳು ಒಂದಕ್ಕೊಂದು ಕೂಡಿಕೊಂಡು ಪಟ್ಟೆಯಾಗುತ್ತವೆ, ಗರಿ ತುದಿಯಿಂದ ಒಣಗುತ್ತದೆ, ಕೊನೆಗೆ ಇಡೀ ಸೋಗೆ ಜೋತು ಬೀಳುತ್ತದೆ. ಅಷ್ಟರಲ್ಲಿ ಮೇಲಿನ ಸೋಗೆಗೆ ಚುಕ್ಕಿ ಹತ್ತಿರುತ್ತದೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ಶೃಂಗೇರಿ, ಕೊಪ್ಪದ ಕಡೆ ದಶಕಗಳಿಂದ ಕಾಡುತ್ತಿರುವ ಹಳದಿ ಎಲೆ ರೋಗವೇ ಬೇರೆ. ಅದಕ್ಕೆ ಕಾರಣ ಫೈಟೊಪ್ಲಾಸ್ಮಾ ಎಂಬ ಅತಿ ಸೂಕ್ಷ್ಮ ಜೀವಿ. ಅದನ್ನು ಹರಡುವುದು ರಸ ಹೀರುವ ಒಂದು ಜಿಗಿಹುಳ. ಅಲ್ಲಿ ಗರಿಗಳು ತುದಿಯಿಂದ ಹಳದಿಯಾಗುತ್ತಾ ಬರುತ್ತವೆ, ಬಳೆ ಇರುವ ಚುಕ್ಕಿ ಇರುವುದಿಲ್ಲ. ಶಿಲೀಂಧ್ರಕ್ಕೆ ಹೊಡೆಯುವ ಯಾವ ಮದ್ದೂ ಅದಕ್ಕೆ ನಾಟುವುದಿಲ್ಲ. ಸೋಗೆ ಹಳದಿಯಾದ ಕೂಡಲೇ ಎಲೆಚುಕ್ಕಿ ಮದ್ದು ತರುವುದಕ್ಕೆ ಮುಂಚೆ ಚುಕ್ಕಿ ಇದೆಯಾ ಅಂತ ನೋಡಿ. ಎಷ್ಟೋ ದುಡ್ಡು ಉಳಿಯುತ್ತದೆ.

ಕೊಳೆ ಬೇರೆ, ಚುಕ್ಕಿ ಬೇರೆ

ಈಗ ಮುಖ್ಯ ವಿಷಯಕ್ಕೆ ಬರೋಣ.

ಕೊಳೆರೋಗ ತರುವುದು ಫೈಟೊಫ್ಥೊರಾ. ಹಿಂದೆ ಇದನ್ನೂ ಶಿಲೀಂಧ್ರ ಅಂತಲೇ ಕರೆಯುತ್ತಿದ್ದರು. ನೋಡಲು ಬಿಳಿ ಬೂಸಲಿನ ಹಾಗೇ ಕಾಣುತ್ತದೆ. ಆದರೆ ಇದರ ಹತ್ತಿರದ ನೆಂಟರು ಶಿಲೀಂಧ್ರಗಳಲ್ಲ, ಸಮುದ್ರದ ಕಂದು ಪಾಚಿಗಳು. ಇದರ ಜೀವಕೋಶದ ಗೋಡೆ ಮುಖ್ಯವಾಗಿ ಸೆಲ್ಯುಲೋಸ್ ಥರದ ವಸ್ತುವಿನದು. ನಿಜವಾದ ಶಿಲೀಂಧ್ರದ ಗೋಡೆ ಕೈಟಿನ್‌ನದು, ಸೀಗಡಿ ಚಿಪ್ಪಿನಲ್ಲಿ ಇರುತ್ತದಲ್ಲ, ಅದೇ ವಸ್ತು. ಫೈಟೊಫ್ಥೊರಾದ ಬೀಜಾಣುಗಳಿಗೆ ಬಾಲ ಇರುತ್ತದೆ, ಅವು ನೀರಿನ ಪದರದಲ್ಲಿ ಈಜಿಕೊಂಡು ಹೋಗುತ್ತವೆ. ಪುಷ್ಯ, ಆಶ್ಲೇಷ ಮಳೆ ಬಿಡದೆ ಸುರಿಯುವಾಗ ಕೊಳೆ ಹಿಡಿತಕ್ಕೇ ಸಿಗದಿರುವುದು ಇದಕ್ಕೇ.

ಕೊಲೆಟೊಟ್ರೈಕಮ್ ನಿಜವಾದ ಶಿಲೀಂಧ್ರ. ಇದರ ಬೀಜಾಣು ಈಜುವುದಿಲ್ಲ. ಚುಕ್ಕಿಯ ಮೇಲೆ ಅಂಟಂಟಾಗಿ ಮುದ್ದೆಯಾಗಿ ಕೂತಿರುತ್ತದೆ. ಮಳೆ ಹನಿ ಬಿದ್ದು ಸಿಡಿದಾಗ ಆ ಅಂಟು ಕರಗಿ ಪಕ್ಕದ ಗರಿಗೆ ಹಾರುತ್ತದೆ. ಜೊತೆಗೆ ಗಾಳಿ ಇದ್ದರೆ ಪಕ್ಕದ ಮರಕ್ಕೆ ಹೋಗುತ್ತದೆ. ಗರಿಯ ಮೇಲೆ ಕೂತ ಮೇಲೆ ಮೊಳೆಯಲು ಅದಕ್ಕೆ ಬೇಕಾದ್ದು ಕೆಲವು ಗಂಟೆಗಳ ತೇವ, ಅಷ್ಟೇ. ಸುರಿಯುವ ಮಳೆಯೇ ಆಗಬೇಕಿಲ್ಲ, ಹೊತ್ತೇರುವವರೆಗೆ ಬಿಡದ ಮಂಜಾದರೂ ಸಾಕು.

ಈ ವ್ಯತ್ಯಾಸ ಬರೀ ಪುಸ್ತಕದ್ದಲ್ಲ, ಮದ್ದಿನ ಡಬ್ಬಿಗೆ ನೇರವಾಗಿ ಸಂಬಂಧಪಟ್ಟದ್ದು. ಪ್ರೊಪಿಕೊನಜೋಲ್, ಟೆಬುಕೊನಜೋಲ್, ಹೆಕ್ಸಾಕೊನಜೋಲ್ ಹೀಗೆ ಹೆಸರಿನ ಕೊನೆಗೆ 'ಕೊನಜೋಲ್' ಬರುವ ಮದ್ದುಗಳನ್ನು ನೋಡಿ. ಶಿಲೀಂಧ್ರ ತನ್ನ ಜೀವಕೋಶದ ಪೊರೆಗೆ ಎರ್ಗೊಸ್ಟೆರಾಲ್ ಎಂಬ ಕೊಬ್ಬಿನ ವಸ್ತುವನ್ನು ತಾನೇ ತಯಾರಿಸಿಕೊಳ್ಳುತ್ತದೆ. ಈ ಮದ್ದುಗಳು ಆ ತಯಾರಿಕೆಯನ್ನು ತಡೆಯುತ್ತವೆ. ಪೊರೆ ಕೆಡುತ್ತದೆ, ಶಿಲೀಂಧ್ರದ ಬೆಳವಣಿಗೆ ನಿಲ್ಲುತ್ತದೆ. ಫೈಟೊಫ್ಥೊರಾ ಎರ್ಗೊಸ್ಟೆರಾಲನ್ನು ತಯಾರಿಸುವುದೇ ಇಲ್ಲ. ಇಲ್ಲದ ಕಾರ್ಖಾನೆಗೆ ಬೀಗ ಹಾಕಿದರೆ ಏನು ಪ್ರಯೋಜನ? ಅದಕ್ಕೇ ಈ ಮದ್ದುಗಳು ಕೊಳೆಗೆ ಕೆಲಸ ಮಾಡುವುದಿಲ್ಲ.

ತಿರುವುಮುರುವೂ ಅಷ್ಟೇ ನಿಜ. ಮೆಟಲಾಕ್ಸಿಲ್, ಪೊಟ್ಯಾಸಿಯಂ ಫಾಸ್ಫೊನೇಟ್ ಇವು ಕೊಳೆಗೆ ಸರಿ. ಎಲೆಚುಕ್ಕಿಗೆ ಮೆಟಲಾಕ್ಸಿಲ್ ಹೊಡೆದರೆ ಶಿಲೀಂಧ್ರಕ್ಕೆ ಏನೂ ಆಗುವುದಿಲ್ಲ. ಮೆಟಲಾಕ್ಸಿಲ್ ಜೊತೆ ಮ್ಯಾಂಕೊಜೆಬ್ ಸೇರಿಸಿದ ಪುಡಿ ಹೊಡೆದಾಗ ಸ್ವಲ್ಪ ಗುಣ ಕಂಡರೆ ಅದು ಮ್ಯಾಂಕೊಜೆಬ್‌ನ ಕೆಲಸ. 'ಕೊಳೆಗೂ ಆಗುತ್ತೆ, ಚುಕ್ಕಿಗೂ ಆಗುತ್ತೆ' ಅಂತ ಯಾರಾದರೂ ಕೊಟ್ಟರೆ ಡಬ್ಬಿಯ ಮೇಲೆ ದೊಡ್ಡದಾಗಿ ಬರೆದ ಹೆಸರು ನೋಡಬೇಡಿ. ಕೆಳಗೆ ಸಣ್ಣ ಅಕ್ಷರದಲ್ಲಿ ಒಳಗಿನ ವಸ್ತು ಯಾವುದು ಅಂತ ಬರೆದಿರುತ್ತದೆ, ಅದನ್ನು ಓದಿ.

ಹಾಗಾದರೆ ಬೋರ್ಡೋ? ಅದರಲ್ಲಿರುವ ತಾಮ್ರ ಎರಡಕ್ಕೂ ವಿಷ. ಆದರೂ ಎಲೆಚುಕ್ಕಿಗೆ ಸಾಲುತ್ತಿಲ್ಲ ಅಂತ ದೂರು ಬರಲು ಕಾರಣ ಬೇರೆ.

ನೂರು ವರ್ಷದ ರೂಢಿ

ಬೋರ್ಡೋ ಹುಟ್ಟಿದ್ದು 1880ರ ದಶಕದಲ್ಲಿ, ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿ ತೋಟಗಳಲ್ಲಿ. ಮಲೆನಾಡಿಗೆ ಅದು ಬಂದ ದಾರಿಯಲ್ಲಿ ಲೆಸ್ಲಿ ಕೋಲ್ಮನ್ ಹೆಸರು ದೊಡ್ಡದು. ಕೆನಡಾದ ಈ ವಿಜ್ಞಾನಿ 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದವರು. ಅಡಿಕೆ ಕೊಳೆಯನ್ನು ತೋಟಗಳಲ್ಲೇ ನಿಂತು ಅಭ್ಯಾಸ ಮಾಡಿದರು. ಅವರ ಬರಹದಲ್ಲಿ ರೋಗಕ್ಕೆ 'ಕೊಳೆರೋಗ' ಅನ್ನುವ ನಮ್ಮ ಮಾತೇ ಇದೆ. ಅದಕ್ಕೂ ಮೊದಲು ಕೊನೆಗೆ, ಅಂದರೆ ಅಡಿಕೆ ಗೊಂಚಲಿಗೆ, ಕರಡದ (ಒಣಹುಲ್ಲಿನ) ಕೊಟ್ಟೆ, ಹಾಳೆ ಕೊಟ್ಟೆ ಹೀಗೆ ಟೊಪ್ಪಿಯಂಥ ಮುಚ್ಚಿಗೆ ಕಟ್ಟಿ ಮಳೆ ತಾಗದ ಹಾಗೆ ಕಾಯುತ್ತಿದ್ದರು. ಬೋರ್ಡೋ ಬಂದ ಮೇಲೆ ಕೊಟ್ಟೆಯ ಕೆಲಸವನ್ನು ತಾಮ್ರದ ತೆಳು ಪದರ ಮಾಡತೊಡಗಿತು.

ಇಲ್ಲೇ ಸಮಸ್ಯೆಯ ಗಂಟು ಇರುವುದು. ಕೊಟ್ಟೆ ಕಟ್ಟುತ್ತಿದ್ದದ್ದು ಕೊನೆಗೆ. ಬೋರ್ಡೋ ಹೊಡೆಯುವುದೂ ಕೊನೆಗೆ. ಕೊನೆಗಾರ ಮರ ಏರಿ ಮಣೆ ಹಾಕಿ ಕೂತು, ನಾಜಲನ್ನು ಕೊನೆಯ ಸುತ್ತ ತಿರುಗಿಸಿ ಪಕ್ಕದ ಮರಕ್ಕೆ ದಾಟುತ್ತಾನೆ. ಸೋಗೆಗೆ ಬಿದ್ದದ್ದು ಬರೀ ಹಾರಿದ ಹನಿ. ಎಲೆಚುಕ್ಕಿ ಇರುವುದು ಸೋಗೆಯಲ್ಲಿ, ಅದರಲ್ಲೂ ಗರಿಯ ಅಡಿಭಾಗಕ್ಕೂ ಮದ್ದು ಮುಟ್ಟಬೇಕು. ಎರಡು ಸಲ ಬೋರ್ಡೋ ಹೊಡೆಸಿದ್ದೇನೆ ಅಂದರೂ ಸೋಗೆಯ ಪಾಲಿಗೆ ಒಂದು ಸಲವೂ ಹೊಡೆದ ಹಾಗಾಗಿರುವುದಿಲ್ಲ.

ಇನ್ನು ಕಾಲ. ಕೊಳೆಗೆ ಮುಂಗಾರು ಹಿಡಿಯುವ ಹೊತ್ತಿಗೆ ಒಂದು ಸಲ, 40–45 ದಿನ ಬಿಟ್ಟು ಇನ್ನೊಂದು ಸಲ ಹೊಡೆಯುತ್ತೇವೆ. ಅಡಿಕೆ ಸಾಕಷ್ಟು ಬಲಿತ ಮೇಲೆ, ಮಳೆ ಇಳಿದ ಮೇಲೆ ಕೊಳೆಯ ಭಯ ಕಡಿಮೆ. ಎಲೆಚುಕ್ಕಿಗೆ ಆ ವಿರಾಮ ಇಲ್ಲ. ಸುಳಿಯಿಂದ ಹೊಸ ಸೋಗೆ ಬಿಚ್ಚಿಕೊಳ್ಳುತ್ತಲೇ ಇರುತ್ತದೆ. ಜೂನ್‌ನಲ್ಲಿ ಬಿಚ್ಚಿರದ ಸೋಗೆಗೆ ಜೂನ್‌ನಲ್ಲಿ ಹೊಡೆದ ಬೋರ್ಡೋ ರಕ್ಷಣೆ ಕೊಡಲು ಸಾಧ್ಯವೇ ಇಲ್ಲ, ಅಲ್ವಾ? ಮಳೆ ಅಕ್ಟೋಬರ್, ನವೆಂಬರ್‌ವರೆಗೆ ಎಳೆದರೆ ಅಷ್ಟೂ ದಿನ ಚುಕ್ಕಿಗೆ ಅವಕಾಶ. ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಆಗುಂಬೆಯ ಸುತ್ತ ರೋಗ ಇಷ್ಟು ಬಿಗಿಯಾಗಿ ಹಿಡಿದದ್ದರಲ್ಲಿ ಆಶ್ಚರ್ಯವಿಲ್ಲ.

ಮದ್ದು ಹೊಡೆದರೂ ಚುಕ್ಕಿ ಹಾಗೇ ಇದೆಯಲ್ಲ?

ಇರುತ್ತದೆ. ಮುಂದೆಯೂ ಇರುತ್ತದೆ. ಒಮ್ಮೆ ಸತ್ತ ಜಾಗ ಮತ್ತೆ ಹಸಿರಾಗುವುದಿಲ್ಲ, ಯಾವ ಮದ್ದು ಹೊಡೆದರೂ. ಕೈಗೆ ಆದ ಗಾಯ ಹೊಸ ಚರ್ಮ ಬಂದು ಮುಚ್ಚುತ್ತದೆ, ಎಲೆಗೆ ಆ ಶಕ್ತಿ ಇಲ್ಲ. ಆದ್ದರಿಂದ ಹಳೇ ಸೋಗೆ ನೋಡಿ ಮದ್ದು ಸುಳ್ಳು ಅಂತ ತೀರ್ಮಾನಿಸಿದರೆ ತಪ್ಪಾಗುತ್ತದೆ.

ನೋಡಬೇಕಾದ್ದು ಮದ್ದು ಹೊಡೆದ ಮೇಲೆ ಬಿಚ್ಚಿದ ಸೋಗೆಯನ್ನು. ತೋಟದ ಬೇರೆ ಬೇರೆ ಮೂಲೆಯಲ್ಲಿ ಹತ್ತು ಮರಕ್ಕೆ ಬಣ್ಣದ ಗುರುತು ಹಾಕಿ. ಸುಳಿಯ ಪಕ್ಕದ ಮೊದಲ ಮೂರು ಸೋಗೆ ಚೊಕ್ಕಟವಾಗಿದೆಯಾ ಅಂತ ಮೂರು ನಾಲ್ಕು ವಾರಕ್ಕೊಮ್ಮೆ ಬರೆದಿಡಿ. ಮೇಲಿನ ಮೂರು ಹಸಿರಾಗಿದ್ದರೆ ಮದ್ದು ಕೆಲಸ ಮಾಡುತ್ತಿದೆ. ಅಲ್ಲೂ ಹೊಸ ಚುಕ್ಕಿ ಬರುತ್ತಿದ್ದರೆ ಮದ್ದು ತಲುಪಿಲ್ಲ, ಇಲ್ಲವೇ ಸಮಯ ತಪ್ಪಿದೆ.

ಬೋರ್ಡೋ ಮುಂಚಿತ ರಕ್ಷಣೆ. ಬೀಜಾಣು ಮೊಳೆಯುವ ಮೊದಲೇ ಅದು ಗರಿಯ ಮೇಲೆ ಇರಬೇಕು. ಒಳಗೆ ಇಳಿದ ಶಿಲೀಂಧ್ರವನ್ನು ಅದು ಮುಟ್ಟಲಾರದು. ಪ್ರೊಪಿಕೊನಜೋಲ್ ಥರದ ಅಂತರ್ವ್ಯಾಪಿ ಮದ್ದು ಎಲೆಯೊಳಗೆ ಹೋಗುತ್ತದೆ, ಈಗಷ್ಟೇ ಹತ್ತಿದ ರೋಗವನ್ನೂ ತಡೆಯುತ್ತದೆ. ಹೀಗಾಗಿ ಮಳೆಗೆ ಮೊದಲು ಸೋಗೆ ನೆನೆಯುವ ಹಾಗೆ ಬೋರ್ಡೋ, ಮಳೆ ಹೊಳವು (ಬಿಡುವು) ಕೊಟ್ಟಾಗ ಅಂತರ್ವ್ಯಾಪಿ ಮದ್ದು ಅನ್ನುವ ಜೋಡಿ ಒಂದಕ್ಕೊಂದು ಪೂರಕ. ಪ್ರೊಪಿಕೊನಜೋಲ್ 25 ಇಸಿ (ಶೇಕಡಾ 25ರ ದ್ರವ) ಮದ್ದಿಗೆ ತಜ್ಞರು ಹೇಳುವ ಪ್ರಮಾಣ ಲೀಟರ್ ನೀರಿಗೆ 1 ಮಿ.ಲೀ. ಜೊತೆಗೆ ಅಂಟು ದ್ರವ ಸೇರಿಸಬೇಕು, ಇಲ್ಲದಿದ್ದರೆ ಮೇಣದಂಥ ಗರಿಯ ಮೇಲೆ ಹನಿ ನಿಲ್ಲದೆ ಜಾರುತ್ತದೆ.

ರೋಗ ಜಾಸ್ತಿ ಇದೆ ಅಂತ ಪ್ರಮಾಣ ಜಾಸ್ತಿ ಮಾಡುವುದು ಬೇಡ. ಈ ಕುಲದ ಮದ್ದುಗಳು ಗಿಡದ ಬೆಳವಣಿಗೆಯ ಚೋದಕಗಳಿಗೂ ಅಡ್ಡ ಬರುತ್ತವೆ. ಅತಿಯಾದರೆ ಎಳೆ ಸಸಿ ಕುಳ್ಳಾಗಿ ನಿಲ್ಲಬಹುದು. ಒಂದೇ ಮದ್ದನ್ನು ಪ್ರತಿ ಸಲವೂ ಹೊಡೆಯುವುದೂ ಅಪಾಯ. ಆ ಮದ್ದಿಗೆ ಸಾಯದೆ ಉಳಿದ ಶಿಲೀಂಧ್ರವೇ ಮುಂದಿನ ಪೀಳಿಗೆ ಹುಟ್ಟಿಸುತ್ತದೆ. ಕೆಲವು ವರ್ಷದಲ್ಲಿ ಆ ಮದ್ದು ನೀರಿಗೆ ಸಮ. ಇನ್ನೊಂದು ತಪ್ಪು, ಕೂಲಿ ಉಳಿಯುತ್ತದೆ ಅಂತ ಬೋರ್ಡೋ ಡ್ರಮ್ಮಿಗೇ ಬೇರೆ ಮದ್ದನ್ನು ಸುರಿಯುವುದು. ಬೋರ್ಡೋದಲ್ಲಿ ಸುಣ್ಣ ಇದೆ, ಹಲವು ಮದ್ದುಗಳು ಸುಣ್ಣದ ಜೊತೆ ಸೇರಿದರೆ ಕೆಡುತ್ತವೆ. ಎರಡಕ್ಕೂ ಬೇರೆ ಬೇರೆ ದಿನ ಇಟ್ಟುಕೊಳ್ಳಿ.

ಡ್ರಮ್ಮಿನ ಮುಂದೆ ಒಂದು ಚಾಕು

ಬೋರ್ಡೋ ವಿಫಲವಾಗುವುದು ಎಷ್ಟೋ ಸಲ ಮರದ ಮೇಲೆ ಅಲ್ಲ, ಡ್ರಮ್ಮಿನಲ್ಲೇ. ಶೇಕಡಾ 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಲೆಕ್ಕ ಎಲ್ಲರಿಗೂ ಬಾಯಿಪಾಠ. ಆದರೆ ಆ 1 ಕಿಲೋ ಸುಣ್ಣ ಯಾವ ಸುಣ್ಣ? ಚಿಪ್ಪು ಸುಣ್ಣವಾಗಲಿ ಕಲ್ಲು ಸುಣ್ಣವಾಗಲಿ, ಗಾಳಿಗೆ ತೆರೆದಿಟ್ಟರೆ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಸತ್ವ ಕಳೆದುಕೊಳ್ಳುತ್ತದೆ. ಕಳೆದ ವರ್ಷದ ಚೀಲದಲ್ಲಿ ಉಳಿದ ಸುಣ್ಣ ತೂಕಕ್ಕೆ 1 ಕಿಲೋ ಇದ್ದರೂ ಕೆಲಸಕ್ಕೆ ಅಷ್ಟಿರುವುದಿಲ್ಲ.

ಸರಿಯಾದ ಕ್ರಮ ಇದು. 50 ಲೀಟರ್ ನೀರಿನಲ್ಲಿ ಮೈಲುತುತ್ತ ಕರಗಿಸಿ. ಇನ್ನೊಂದು 50 ಲೀಟರಿನಲ್ಲಿ ಸುಣ್ಣ ಅರಳಿಸಿ, ಸೋಸಿ ತಣ್ಣಗಾಗಲು ಬಿಡಿ. ಆಮೇಲೆ ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸಣ್ಣಗೆ ಸುರಿಯುತ್ತಾ ಕೋಲಿನಿಂದ ಕಲಕುತ್ತಾ ಇರಿ. ಪಾತ್ರೆ ಪ್ಲಾಸ್ಟಿಕ್ಕಿನದ್ದಾಗಿರಲಿ, ಕಬ್ಬಿಣದ್ದು ಬೇಡ. ಆಕಾಶದ ಬಣ್ಣ ಬರುತ್ತದೆ.

ಈಗ ಉಜ್ಜಿ ಹೊಳೆಯುವ ಕಬ್ಬಿಣದ ಚಾಕು ಒಂದನ್ನು ಅದರಲ್ಲಿ ಅದ್ದಿ, ಒಂದು ನಿಮಿಷ ಬಿಟ್ಟು ಎತ್ತಿ ನೋಡಿ. ಅಲಗು ಹಾಗೇ ಬೆಳ್ಳಗಿದ್ದರೆ ದ್ರಾವಣ ಸರಿ. ಅಲಗಿನ ಮೇಲೆ ಕೆಂಪು ಬಣ್ಣ ಕೂತಿದ್ದರೆ ಸುಣ್ಣ ಸಾಲದು. ಆ ಕೆಂಪು ಬೇರೇನೂ ಅಲ್ಲ, ತಾಮ್ರ. ಸುಣ್ಣದ ಜೊತೆ ಕೂಡದೆ ಬಿಡಿಯಾಗಿ ಉಳಿದ ತಾಮ್ರ ಕಬ್ಬಿಣವನ್ನು ಕಂಡರೆ ಅದರ ಮೇಲೆ ಕೂರುತ್ತದೆ. ಅದೇ ಬಿಡಿ ತಾಮ್ರ ಸಿಂಗಾರದ (ಅಡಿಕೆ ಹೂಗೊಂಚಲಿನ) ಮೇಲೆ, ಎಳೇ ಸೋಗೆಯ ಮೇಲೆ ಬಿದ್ದರೆ ಸುಡುತ್ತದೆ. ಆಮೇಲೆ ಅದನ್ನೂ ರೋಗ ಅಂದುಕೊಳ್ಳುತ್ತೇವೆ. ಅಲಗು ಬೆಳ್ಳಗೆ ಬರುವವರೆಗೆ ಸುಣ್ಣದ ನೀರು ಸ್ವಲ್ಪ ಸ್ವಲ್ಪ ಸೇರಿಸಿ. ಮಾಡಿದ ದಿನವೇ ಹೊಡೆದು ಮುಗಿಸಬೇಕು. ರಾತ್ರಿ ಇಟ್ಟ ದ್ರಾವಣದ ಕಣಗಳು ದಪ್ಪವಾಗಿ ಗರಿಗೆ ಅಂಟುವುದಿಲ್ಲ.

ಸೋಗೆ ಕಡಿಯಬೇಕಾ, ಬೇಡವಾ?

ಇಬ್ಬರು ಹೇಳುವುದರಲ್ಲೂ ಅರ್ಧ ಸತ್ಯ ಇದೆ. ಲೆಕ್ಕ ಹಾಕಿ ನೋಡೋಣ.

ಆರೋಗ್ಯವಾದ ಮರದ ತಲೆಯಲ್ಲಿ ಎಂಟರಿಂದ ಹತ್ತು ಸೋಗೆ ಇರುತ್ತವೆ. ವರ್ಷಕ್ಕೆ ಹೊಸದಾಗಿ ಬರುವುದು ಆರೇಳು. ಒಂದೊಂದು ಸೋಗೆಯ ಕಂಕುಳಿಗೂ ಒಂದೊಂದು ಸಿಂಗಾರ. ಅಡಿಕೆಗೆ ತೂಕ ಬರುವುದು ಸೋಗೆ ಬಿಸಿಲಲ್ಲಿ ಮಾಡುವ ಅಡುಗೆಯಿಂದ. ಆದ್ದರಿಂದ ಸೋಗೆ ಕಡಿಯುವುದೆಂದರೆ ಫಸಲಿನ ಊಟವನ್ನೇ ಕಿತ್ತುಕೊಂಡ ಹಾಗೆ. ಕಡಿಯಬೇಡಿ ಅನ್ನುವವರ ವಾದ ಇದು.

ಕಡಿಯಿರಿ ಅನ್ನುವವರ ವಾದವೂ ಗಟ್ಟಿ. ಚುಕ್ಕಿ ತುಂಬಿದ ಒಂದು ಕೆಳ ಸೋಗೆಯಲ್ಲಿ ಲೆಕ್ಕವಿಲ್ಲದಷ್ಟು ಬೀಜಾಣು ಇರುತ್ತದೆ. ಪ್ರತಿ ಮಳೆಗೂ ಅದು ಮೇಲಕ್ಕೆ, ಪಕ್ಕಕ್ಕೆ ಸಿಡಿಯುತ್ತದೆ. ಅದನ್ನು ಮರದಲ್ಲೇ ಬಿಟ್ಟು ಮದ್ದು ಹೊಡೆದರೆ, ನಲ್ಲಿ ತೆರೆದಿಟ್ಟು ನೆಲ ಒರೆಸಿದ ಹಾಗೆ.

ದಾರಿ ಇರುವುದು ರೋಗದ ಮಟ್ಟ ನೋಡುವುದರಲ್ಲಿ. ರೋಗ ಈಗಷ್ಟೇ ಕಾಲಿಟ್ಟ ತೋಟದಲ್ಲಿ ಕೆಳಗಿನ ಒಂದೆರಡು ಸೋಗೆಗೆ ಮಾತ್ರ ಚುಕ್ಕಿ ಇರುತ್ತದೆ. ಅಲ್ಲಿ ಕಡಿದು ಸುಡುವುದು ಅತ್ಯಂತ ಲಾಭದ ಕೆಲಸ. ಆ ಸೋಗೆ ಹೇಗೂ ಉದುರುವ ಹಂತದ್ದು, ಮರಕ್ಕೆ ನಷ್ಟ ಕಡಿಮೆ, ರೋಗಕ್ಕೆ ಪೆಟ್ಟು ದೊಡ್ಡದು. ಆದರೆ ಎಂಟು ಸೋಗೆಯಲ್ಲಿ ಆರಕ್ಕೆ ಚುಕ್ಕಿ ಇರುವ ತೋಟದಲ್ಲಿ ಆರನ್ನೂ ಕಡಿದರೆ ರೋಗ ಮಾಡುವ ಹಾನಿಯನ್ನು ನಾವೇ ಒಂದೇ ದಿನದಲ್ಲಿ ಮಾಡಿದ ಹಾಗಾಗುತ್ತದೆ. ಅಲ್ಲಿ ಪೂರ್ತಿ ಒಣಗಿದ್ದನ್ನು ಮಾತ್ರ ತೆಗೆಯಬೇಕು. ಅರ್ಧಕ್ಕಿಂತ ಜಾಸ್ತಿ ಹಸಿರು ಉಳಿದ ಸೋಗೆಯನ್ನು ಮದ್ದಿನ ಕಾವಲಿನಲ್ಲಿ ಉಳಿಸಿಕೊಳ್ಳುವುದೇ ಜಾಣತನ. ಈ ಕೆಲಸಕ್ಕೆ ಒಳ್ಳೇ ಕಾಲ ಬೇಸಿಗೆ, ಮುಂಗಾರಿನ ಮೊದಲ ಹನಿ ಬೀಳುವ ಮುಂಚೆ. ಮಳೆಯ ನಡುವೆ ರೋಗದ ಸೋಗೆ ಎಳೆದಾಡಿದರೆ ಬೀಜಾಣುವನ್ನು ನಾವೇ ಹಂಚಿದ ಹಾಗೆ.

ಕಡಿದ ಸೋಗೆ ಏನು ಮಾಡುವುದು? ಮಲೆನಾಡಿನಲ್ಲಿ ಸೋಗೆ ಬಿಸಾಡುವ ವಸ್ತು ಅಲ್ಲ. ಬುಡಕ್ಕೆ ಮುಚ್ಚಿಗೆ, ಕೊಟ್ಟಿಗೆಯ ಮಾಡಿಗೆ ಹೊದಿಕೆ ಎಲ್ಲಕ್ಕೂ ಬೇಕು. ಆದರೆ ಚುಕ್ಕಿ ಇರುವ ಸೋಗೆಯನ್ನು ಹಸಿಯಾಗಿ ಬುಡಕ್ಕೆ ಹಾಸಿದರೆ ಮುಂದಿನ ಮಳೆಗೆ ಬೀಜ ಬಿತ್ತಿಟ್ಟ ಹಾಗೆ. ಸುಡಲು ಮನಸ್ಸಿಲ್ಲದಿದ್ದರೆ ಕತ್ತರಿಸಿ, ಸಗಣಿ ಸೇರಿಸಿ ಬಿಸಿಯೇರುವ ಹಾಗೆ ಗೊಬ್ಬರದ ರಾಶಿ ಮಾಡಬೇಕು. ರಾಶಿಯೊಳಗೆ ಕೈ ಇಡಲಾಗದಷ್ಟು ಕಾವು ಹಲವು ದಿನ ಇದ್ದರೆ ಶಿಲೀಂಧ್ರ ಸಾಯುತ್ತದೆ. ತಣ್ಣಗೆ ಕೊಳೆಯುವ ಗುಂಡಿಯಲ್ಲಿ ಆ ಭರವಸೆ ಇಲ್ಲ.

ಪೊಟ್ಯಾಷ್ ಮದ್ದಲ್ಲ, ಆದರೂ ಬೇಕು

ಗೊಬ್ಬರ ಕೊಟ್ಟರೆ ಎಲೆಚುಕ್ಕಿ ಹೋಗುತ್ತದೆ ಅನ್ನುವುದು ಅತಿಯಾಯಿತು. ಆದರೆ ಹಸಿದ ಮರ ಬೇಗ ಬೀಳುತ್ತದೆ ಅನ್ನುವುದು ನಿಜ. ನಮ್ಮ ಕೆಂಪು ಜಂಬಿಟ್ಟಿಗೆ ಮಣ್ಣು ಹುಳಿ ಮಣ್ಣು. ಜೋರು ಮಳೆ ಪೊಟ್ಯಾಷ್, ಸುಣ್ಣ, ಮೆಗ್ನೀಸಿಯಂ ಮೂರನ್ನೂ ತೊಳೆದುಕೊಂಡು ಹೋಗುತ್ತದೆ. ಪೊಟ್ಯಾಷ್ ಕೊರತೆಯಾದ ಎಲೆಯಲ್ಲಿ ಸಕ್ಕರೆ ಮತ್ತು ಸಾರಜನಕದ ಸಣ್ಣ ಕಣಗಳು ಹಾಗೇ ಉಳಿದುಕೊಳ್ಳುತ್ತವೆ. ಅದು ಶಿಲೀಂಧ್ರಕ್ಕೆ ಬಡಿಸಿಟ್ಟ ಊಟ. ಬರೀ ಯೂರಿಯಾ ಸುರಿದರೆ ಎಲೆ ಮೆತ್ತಗಾಗಿ ಇನ್ನೂ ಕಷ್ಟ.

ಅಡಿಕೆಗೆ ಶಿಫಾರಸು ಮಾಡಿದ ಪ್ರಮಾಣ ವರ್ಷಕ್ಕೆ ಮರವೊಂದಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್. ಅಂಗಡಿಯ ಲೆಕ್ಕದಲ್ಲಿ ಸುಮಾರು 220 ಗ್ರಾಂ ಯೂರಿಯಾ, 200 ಗ್ರಾಂ ರಾಕ್ ಫಾಸ್ಫೇಟ್, 235 ಗ್ರಾಂ ಮ್ಯೂರೇಟ್ ಆಫ್ ಪೊಟ್ಯಾಷ್. ಜೊತೆಗೆ 12 ಕಿಲೋ ಸೊಪ್ಪು, 12 ಕಿಲೋ ಕೊಟ್ಟಿಗೆ ಗೊಬ್ಬರ. ಎರಡು ಕಂತಿನಲ್ಲಿ ಕೊಡಬೇಕು, ಮಳೆ ಹೊಯ್ಯುವ ಮಧ್ಯದಲ್ಲಿ ಅಲ್ಲ. ಸುಣ್ಣವನ್ನು ಮಣ್ಣು ಪರೀಕ್ಷೆ ನೋಡಿಕೊಂಡು ಹಾಕಿ, ಯೂರಿಯಾಕ್ಕೂ ಸುಣ್ಣಕ್ಕೂ ನಡುವೆ ಎರಡು ಮೂರು ವಾರ ಬಿಡಿ. ಒಟ್ಟಿಗೆ ಹಾಕಿದರೆ ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ.

ಬಸಿಗಾಲುವೆಯ ಹೂಳು ತೆಗೆಸುವುದೂ ಇದೇ ಲೆಕ್ಕಕ್ಕೆ ಸೇರುತ್ತದೆ. ಬೇರು ನೀರಲ್ಲಿ ನಿಂತರೆ ಹಾಕಿದ ಗೊಬ್ಬರ ಮರಕ್ಕೆ ಸಿಗುವುದಿಲ್ಲ.

ತೋಟದ ಕೆಳಗೆ ಮನೆ ಇದೆ

ಮಲೆನಾಡಿನ ತೋಟ ಬರೀ ಅಡಿಕೆ ಅಲ್ಲ. ಮರಕ್ಕೆ ಹಬ್ಬಿದ ವೀಳ್ಯದೆಲೆ, ಕಾಳುಮೆಣಸು, ನಡುವೆ ಬಾಳೆ, ಏಲಕ್ಕಿ, ಅಂಚಿನಲ್ಲಿ ಕೆಸು. ಮನೆಯ ಅಡುಗೆಗೆ ಅರ್ಧ ಇಲ್ಲಿಂದಲೇ ಬರುತ್ತದೆ. ಎಷ್ಟೋ ಮನೆಗಳಿಗೆ ಅಬ್ಬಿ ನೀರು ತೋಟದ ಪಕ್ಕದಲ್ಲೇ ಪೈಪಿನಲ್ಲಿ ಇಳಿಯುತ್ತದೆ. ಕೊನೆಗೆ ಹೊಡೆಯುವಾಗ ಬೀಳುತ್ತಿದ್ದ ದ್ರಾವಣ ಕಡಿಮೆ. ಸೋಗೆಯೆಲ್ಲ ನೆನೆಯುವ ಹಾಗೆ ಹೊಡೆದರೆ ಬಹಳಷ್ಟು ಕೆಳಗೂ ಸುರಿಯುತ್ತದೆ. ಈ ವಿಷಯ ಸುದ್ದಿಯಲ್ಲಿ ಬರುವುದೇ ಇಲ್ಲ, ಬರಬೇಕಿತ್ತು.

ಹೊಡೆಯುವ ಹಿಂದಿನ ದಿನವೇ ಮನೆಗೆ ಬೇಕಾದ ವೀಳ್ಯದೆಲೆ, ಬಾಳೆಎಲೆ, ಕೆಸುವಿನ ಸೊಪ್ಪು ಕೊಯ್ದುಕೊಳ್ಳಿ. ಆಮೇಲೆ ಡಬ್ಬಿಯಲ್ಲಿ ಹೇಳಿದಷ್ಟು ದಿನ ಅವನ್ನು ಮುಟ್ಟಬೇಡಿ. ವೀಳ್ಯದೆಲೆಯನ್ನು ಬೇಯಿಸದೆ ಹಸಿಯಾಗಿಯೇ ಜಗಿಯುತ್ತೇವೆ, ಅದರಲ್ಲಿ ಹೆಚ್ಚು ಜಾಗ್ರತೆ ಬೇಕು. ತೋಟದ ಹುಲ್ಲನ್ನು ದನಕ್ಕೆ ಹಾಕುವುದಕ್ಕೂ ಇದೇ ಮಾತು. ಬಾವಿ, ತೆರೆದ ತೊಟ್ಟಿ ಮುಚ್ಚಿ. ಉಳಿದ ದ್ರಾವಣವನ್ನು, ಡ್ರಮ್ಮು ತೊಳೆದ ನೀರನ್ನು ಹಳ್ಳಕ್ಕೆ ಬಿಡಬೇಡಿ. ತಾಮ್ರ ಮೀನಿಗೆ ವಿಷ. ಮಣ್ಣಿಗೆ ಬಿದ್ದ ತಾಮ್ರ ಕರಗಿ ಮಾಯವಾಗುವುದಿಲ್ಲ, ವರ್ಷ ವರ್ಷವೂ ಸೇರುತ್ತಾ ಹೋಗಿ ಎರೆಹುಳುವಿಗೆ ತೊಂದರೆ ಕೊಡುತ್ತದೆ. ಬೋರ್ಡೋ ಹಳೆಯದು, ಆದ್ದರಿಂದ ನಿರಪಾಯ ಅನ್ನುವ ನಂಬಿಕೆ ಸರಿಯಲ್ಲ. ಜೇನು ಹಾರಾಡುವ ಹೊತ್ತು ಬಿಟ್ಟು ಸಂಜೆ ಹೊಡೆಯುವುದು ಒಳ್ಳೆಯದು.

ಎಲ್ಲಕ್ಕಿಂತ ಹೆಚ್ಚಾಗಿ, ಮದ್ದು ಹೊಡೆಯುವವರ ಬಗ್ಗೆ. ದೋಟಿಯಲ್ಲಿ, ಅಂದರೆ ಉದ್ದ ಕೋಲಿನಲ್ಲಿ, ಮೇಲಕ್ಕೆ ಹೊಡೆದ ಮಂಜು ಹೊಡೆಯುವವರ ಮುಖಕ್ಕೇ ಇಳಿಯುತ್ತದೆ. ಕವಳ ಹಾಕಲು ಅದೇ ಕೈಯಿಂದ ಎಲೆಗೆ ಸುಣ್ಣ ಸವರುತ್ತಾರೆ. ಸೋಪು, ನೀರು, ಮುಖಕ್ಕೆ ಕಟ್ಟಲು ಮಾಸ್ಕು, ಕನ್ನಡಕ ಇವನ್ನು ಕೊಡುವುದು ಮಾಲೀಕರ ಕೆಲಸ. ಕೇಳಲಿ ಅಂತ ಕಾಯಬಾರದು.

ಪೆಟ್ಟು ಕಾಣುವುದು ಮುಂದಿನ ವರ್ಷ

ಎಲೆಚುಕ್ಕಿಯನ್ನು ಹಗುರವಾಗಿ ತೆಗೆದುಕೊಳ್ಳಲು ಒಂದು ಕಾರಣ ಇದೆ. ಕೊಳೆ ಬಂದರೆ ಅಡಿಕೆ ಬುಡಕ್ಕೆ ಉದುರುತ್ತದೆ, ನಷ್ಟ ಅದೇ ವಾರ ಕಣ್ಣಿಗೆ ಕಾಣುತ್ತದೆ. ಎಲೆಚುಕ್ಕಿ ಬಂದ ವರ್ಷ ಕೊನೆ ಚೆನ್ನಾಗಿಯೇ ಇರಬಹುದು. ಏಕೆಂದರೆ ಆ ಕೊನೆ ಹಿಂದೆ ಹಸಿರಾಗಿದ್ದ ಸೋಗೆಯ ದುಡಿಮೆ. ಸೋಗೆ ಕಳೆದುಕೊಂಡ ಮರದ ಮುಂದಿನ ಸಿಂಗಾರ ಸಣ್ಣದಾಗುತ್ತದೆ, ಹರಳು (ಎಳೆ ಕಾಯಿ) ಕಟ್ಟುವುದು ಕಡಿಮೆಯಾಗುತ್ತದೆ. ಎರಡು ಮೂರು ವರ್ಷ ಹೀಗೇ ಆದರೆ ಮರದ ತಲೆಯೇ ಕಿರಿದಾಗುತ್ತದೆ. ಚೇಣಿಗೆ, ಅಂದರೆ ಫಸಲಿನ ಗುತ್ತಿಗೆಗೆ, ಕೊಟ್ಟ ತೋಟದಲ್ಲಿ ಇದು ಇನ್ನೂ ಕಷ್ಟ. ಒಂದು ವರ್ಷಕ್ಕೆ ಮಾತ್ರ ತೋಟ ಹಿಡಿದವರಿಗೆ ಮುಂದಿನ ವರ್ಷದ ಸೋಗೆ ಉಳಿಸಲು ಖರ್ಚು ಮಾಡುವ ಕಾರಣವೇ ಇಲ್ಲ. ಸೋಗೆಗೆ ಹೊಡೆಸುವ ಹೊಣೆ ಮಾಲೀಕರೇ ಇಟ್ಟುಕೊಳ್ಳಬೇಕು, ಅಥವಾ ಚೇಣಿಯ ಮಾತುಕತೆಯಲ್ಲೇ ಅದನ್ನು ಸೇರಿಸಬೇಕು.

ಬೆಳೆ ವಿಮೆ ಇದೆಯಲ್ಲ ಅನ್ನಬಹುದು. ಅಡಿಕೆಗೆ ಇರುವುದು ಹವಾಮಾನ ಆಧಾರಿತ ವಿಮೆ. ಅಲ್ಲಿ ಲೆಕ್ಕಕ್ಕೆ ಬರುವುದು ಮಳೆ ಮಾಪಕದ ಅಂಕಿ. ಸೋಗೆಯ ಮೇಲಿನ ಚುಕ್ಕಿಯನ್ನು ಯಾರೂ ಎಣಿಸುವುದಿಲ್ಲ.

ಇನ್ನು ಪಕ್ಕದ ತೋಟದ ವಿಷಯ. ಒಂಬತ್ತು ಅಡಿಗೆ ಒಂದು ಮರ, ಬೇಲಿಯಾಚೆಯೂ ಅಷ್ಟೇ. ಮೇಲೆ ಸೋಗೆಗೆ ಸೋಗೆ ತಾಗುತ್ತದೆ, ಮಳೆಹನಿಗೆ ಸರ್ವೇ ನಂಬರ್ ಗೊತ್ತಿಲ್ಲ. ಒಂದೇ ಕಣಿವೆಯಲ್ಲಿ ಹತ್ತು ಮನೆಯ ತೋಟ ಇದ್ದು ಏಳು ಮನೆಯವರು ಹೊಡೆಸಿ ಮೂರು ಬಿಟ್ಟರೆ, ಆ ಮೂರರಿಂದ ಪ್ರತಿ ಮಳೆಗೂ ರೋಗ ವಾಪಸ್ ಬರುತ್ತದೆ. ಆ ಮೂರು ಯಾವುವು ಅಂತ ಊರಿನವರಿಗೆಲ್ಲ ಗೊತ್ತಿರುತ್ತದೆ. ಮಕ್ಕಳು ಬೆಂಗಳೂರಿನಲ್ಲಿ, ಊರಲ್ಲಿ ವಯಸ್ಸಾದ ಅಪ್ಪ ಅಮ್ಮ ಇಬ್ಬರೇ. ಕೊನೆಗಾರ ಸಿಗುವುದಿಲ್ಲ, ಸಿಕ್ಕರೆ ಕೂಲಿ ಹೊಂದುವುದಿಲ್ಲ. ಅವರದ್ದು ಸೋಮಾರಿತನ ಅಲ್ಲ, ಅಸಹಾಯಕತೆ.

ಸರ್ಕಾರದ ನೆರವು ಸಾಮಾನ್ಯವಾಗಿ ಮದ್ದಿನ ಡಬ್ಬಿಯ ರೂಪದಲ್ಲಿ ಬರುತ್ತದೆ. ಬೇಲಿ ಬೇಲಿಗೆ ಬೇರೆ ಬೇರೆ ವಾರ ಹೊಡೆದರೆ ಆ ಡಬ್ಬಿಯ ಅರ್ಧ ಗುಣ ವ್ಯರ್ಥ. ಅದಕ್ಕಿಂತ ಊರಿನ ಸಹಕಾರ ಸಂಘ ಎರಡು ದೋಟಿ, ಒಂದು ಪಂಪು, ತರಬೇತಿ ಪಡೆದ ನಾಲ್ಕು ಜನರ ತಂಡ ಇಟ್ಟುಕೊಂಡು ಕಣಿವೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ಒಂದೇ ವಾರದಲ್ಲಿ ಹೊಡೆದು ಮುಗಿಸಿದರೆ ಜಾಸ್ತಿ ಫಲ ಸಿಗುತ್ತದೆ. ಖರ್ಚನ್ನು ಮರದ ಲೆಕ್ಕದಲ್ಲಿ ಹಂಚಿ, ಅಡಿಕೆ ಮಾರಿದಾಗ ಮುರಿದುಕೊಳ್ಳಬಹುದು. ಗದ್ದೆ ನೆಟ್ಟಿಗೆ, ಮನೆ ಸೋಗೆ ಹೊದಿಸಲು ಒಬ್ಬರಿಗೊಬ್ಬರು ಮುಯ್ಯಾಳು ಕಟ್ಟಿಕೊಂಡ ಊರುಗಳಿಗೆ ಈ ಲೆಕ್ಕ ಹೊಸದಲ್ಲ. ಮೇ ತಿಂಗಳಲ್ಲಿ ಸಂಘದ ಸಭೆ ಕರೆದರೆ ಮುಂಗಾರಿಗೆ ಮೊದಲು ಒಂದು ಸುತ್ತು ಮುಗಿಸಲು ಸಮಯ ಇರುತ್ತದೆ. ಮೊದಲ ದಿನ ಆ ಮೂರು ಮನೆಯ ತೋಟದಿಂದಲೇ ಶುರು ಮಾಡಬೇಕು.